ಸಿನಿಮಾ ನೋಡುವ ಹಿಂದಿನ ರಾತ್ರಿ ಕಾದಂಬರಿಯನ್ನು ಮತ್ತೆ ಓದಬೇಡಿ

ನಿಮ್ಮ ಪ್ರಶ್ನೆಯ ಕೊನೆಯ ಸಾಲನ್ನು ಓದಿದ ಕೂಡಲೇ ಉತ್ತರ ಬರೆಯಲು ಕುಳಿತಿದ್ದೇನೆ. ನೀವು ತುಂಬ ಇಷ್ಟಪಟ್ಟ ಕಾದಂಬರಿಯೊಂದು ಸಿನಿಮಾ ಆಗಿದೆ, ಮುಂದಿನ ವಾರ ಅದನ್ನು ನೋಡಲು ತಂಗಿಯನ್ನು ಕರೆದುಕೊಂಡು ಹೋಗುತ್ತಿದ್ದೀರಿ, ಅವಳು ಕಾದಂಬರಿ ಓದಿಲ್ಲವಾದ್ದರಿಂದ ಮೊದಲು ಓದಿಸುವುದೋ ಮೊದಲು ತೋರಿಸುವುದೋ ಎಂದು ಕೇಳಿದ್ದೀರಿ. ಅದರ ಜೊತೆಗೇ, ‘ವ್ಯತ್ಯಾಸಗಳು ಕಣ್ಣಿಗೆ ಬೀಳಲಿ ಎಂದು ನಾನಂತೂ ಹಿಂದಿನ ದಿನ ಇನ್ನೊಮ್ಮೆ ಓದಿಕೊಂಡು ಹೋಗುತ್ತೇನೆ’ ಎಂದೂ ಬರೆದಿದ್ದೀರಿ. ತಂಗಿಯ ವಿಷಯ ಆಮೇಲೆ ನೋಡೋಣ. ಆ ಹಿಂದಿನ ದಿನದ ಓದನ್ನು ದಯವಿಟ್ಟು ಕೈಬಿಡಿ. ನಾನು ಅದನ್ನೇ ಮಾಡಿದವನು, ಮತ್ತು ಅದರಿಂದ ಕಳೆದುಕೊಂಡದ್ದು ಇಂದಿಗೂ ನನಗೆ ಪೂರ್ತಿಯಾಗಿ ಮರಳಿ ಸಿಕ್ಕಿಲ್ಲ.

ನನ್ನ ವಿಷಯದಲ್ಲಿ ಆ ಕಾದಂಬರಿ ‘ಪಥೇರ್ ಪಾಂಚಾಲಿ’. ಬಿಭೂತಿಭೂಷಣ ಬಂದ್ಯೋಪಾಧ್ಯಾಯರ ಈ ಕೃತಿ 1929ರಲ್ಲಿ ಪುಸ್ತಕವಾಗಿ ಬಂದಿತು; ಸತ್ಯಜಿತ್ ರಾಯ್ ಅವರ ಸಿನಿಮಾ 1955ರದ್ದು. ನಾನು ಕಾದಂಬರಿಯನ್ನು ಅನುವಾದದಲ್ಲಿ ಓದಿದ್ದು ಹದಿನೇಳನೆಯ ವಯಸ್ಸಿನಲ್ಲಿ. ದುರ್ಗಾ ಎಂಬ ಅಕ್ಕ, ಅಪು ಎಂಬ ತಮ್ಮ. ನನಗೂ ಐದು ವರ್ಷ ದೊಡ್ಡವಳಾದ ಒಬ್ಬಳೇ ಅಕ್ಕ. ಆ ಪುಸ್ತಕ ನನ್ನ ಮನಸ್ಸಿನಲ್ಲಿ ಯಾಕೆ ಅಷ್ಟು ಆಳಕ್ಕೆ ಇಳಿಯಿತೆಂದು ಇದಕ್ಕಿಂತ ಹೆಚ್ಚು ವಿವರಿಸಬೇಕಾಗಿಲ್ಲ. ಆರು ವರ್ಷಗಳ ನಂತರ ಒಂದು ಫಿಲ್ಮ್ ಸೊಸೈಟಿಯವರು ಆ ಸಿನಿಮಾ ತೋರಿಸುತ್ತಾರೆಂದು ತಿಳಿದಾಗ ನಾನು ಅಕ್ಕನನ್ನು ಒತ್ತಾಯ ಮಾಡಿ ಹೊರಡಿಸಿದೆ. ಅವಳು ಕಾದಂಬರಿಗಳನ್ನು ಓದುವವಳಲ್ಲ. ನಾನು ವರ್ಷಗಳಿಂದ ಹೊಗಳುತ್ತಿದ್ದದ್ದು ಏನೆಂದು ಅವಳಿಗೆ ಒಮ್ಮೆ ತಿಳಿಯಬೇಕು ಎಂಬುದಷ್ಟೇ ನನ್ನ ಆಸೆಯಾಗಿತ್ತು.

ಆ ಆಸೆಯ ಜೊತೆ ಇನ್ನೊಂದು ಸೇರಿಕೊಂಡಿತು. ಸಿನಿಮಾದಲ್ಲಿ ಏನನ್ನು ಬಿಟ್ಟಿದ್ದಾರೆ, ಏನನ್ನು ಬದಲಿಸಿದ್ದಾರೆ ಎಂದು ಹೇಳಬಲ್ಲವನಾಗಬೇಕು ಎನಿಸಿತು. ಹಿಂದಿನ ರಾತ್ರಿ ಎರಡು ಗಂಟೆಯವರೆಗೆ ಎಚ್ಚರವಿದ್ದು ಕಾದಂಬರಿಯನ್ನು ಮತ್ತೆ ಓದಿದೆ. ಕೈಯಲ್ಲಿ ಪೆನ್ಸಿಲ್ ಇತ್ತು. ಮುಖ್ಯವೆನಿಸಿದ ಕಡೆಯಲ್ಲೆಲ್ಲ ಅಂಚಿನಲ್ಲಿ ಗೆರೆ ಎಳೆದೆ. ಬೆಳಿಗ್ಗೆ ಒಂದು ಸಣ್ಣ ನೋಟ್‌ಬುಕ್ಕಿನ ಹಾಳೆಯ ನಡುವೆ ಗೆರೆ ಹಾಕಿ, ಎಡಕ್ಕೆ ‘ಇದೆ’, ಬಲಕ್ಕೆ ‘ಇಲ್ಲ’ ಎಂದು ಬರೆದುಕೊಂಡೆ.

ಈ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳಲು ಅವಕಾಶ ಕೊಡಿ, ಏಕೆಂದರೆ ಹೊರಗಿನಿಂದ ನೋಡಿದರೆ ಅದು ತಪ್ಪಿನಂತೆ ಕಾಣುವುದಿಲ್ಲ, ಶ್ರದ್ಧೆಯಂತೆ ಕಾಣುತ್ತದೆ. ಕಾದಂಬರಿ ಓದಿದ್ದು ತಪ್ಪಲ್ಲ. ಅದನ್ನು ಎರಡನೆಯ ಸಲ ಓದಿದ್ದೂ ತಪ್ಪಲ್ಲ. ಮರುದಿನ ಬೆಳಿಗ್ಗೆ ಸಿನಿಮಾ ಇದೆ ಎಂಬ ಕಾರಣಕ್ಕೆ ಓದಿದ್ದು ತಪ್ಪು. ಕಾದಂಬರಿಯೊಂದನ್ನು ಓದಿ ಐದಾರು ವರ್ಷ ಕಳೆದಾಗ ನಮ್ಮಲ್ಲಿ ಅದರ ವಾಕ್ಯಗಳು ಉಳಿದಿರುವುದಿಲ್ಲ, ಘಟನೆಗಳ ಅನುಕ್ರಮವೂ ಉಳಿದಿರುವುದಿಲ್ಲ. ಉಳಿಯುವುದು ಒಂದು ಬಗೆಯ ಹವೆ, ಒಂದೆರಡು ಮುಖಗಳು, ಎಲ್ಲೋ ಒಂದು ಕಡೆ ಗಂಟಲು ಕಟ್ಟಿದ ನೆನಪು. ಅಷ್ಟನ್ನೇ ಹೊತ್ತು ಸಿನಿಮಾಕ್ಕೆ ಹೋದವನಿಗೆ ಪರದೆಯ ಮೇಲಿನದನ್ನು ಬರಮಾಡಿಕೊಳ್ಳಲು ಒಳಗೆ ಜಾಗವಿರುತ್ತದೆ. ಹಿಂದಿನ ರಾತ್ರಿ ಓದಿ ಹೋದವನ ತಲೆಯಲ್ಲಿ ಆ ಜಾಗವಿಲ್ಲ. ಪ್ರತಿಯೊಂದು ದೃಶ್ಯಕ್ಕೂ ಒಂದು ಪುಟ ಮೊದಲೇ ಬಂದು ಕುಳಿತಿರುತ್ತದೆ. ಬಂದ ದೃಶ್ಯವನ್ನು ಆ ಪುಟದ ಪಕ್ಕದಲ್ಲಿ ನಿಲ್ಲಿಸಿ ಅಳತೆ ನೋಡುವುದೇ ಕೆಲಸವಾಗುತ್ತದೆ. ಹಾಗೆ ಅಳೆಯುತ್ತಿರುವಾಗ ಮುಂದಿನ ದೃಶ್ಯ ಕಳೆದುಹೋಗಿರುತ್ತದೆ. ಪುಸ್ತಕವಾದರೆ ಪುಟ ಹಿಂದಕ್ಕೆ ತಿರುಗಿಸಬಹುದು. ತುಂಬಿದ ಸಭಾಂಗಣದಲ್ಲಿ ಓಡುತ್ತಿರುವ ಸಿನಿಮಾವನ್ನು ನಿಲ್ಲಿಸಲಾಗುವುದಿಲ್ಲ.

ಇನ್ನೊಂದು ಸಂಗತಿಯೂ ಇದೆ. ಹಾಗೆ ಓದಿದ್ದು ಕಾದಂಬರಿಯ ಮೇಲಿನ ಪ್ರೀತಿಯಿಂದ ಎಂದು ನಾನು ಬಹಳ ಕಾಲ ನಂಬಿಕೊಂಡಿದ್ದೆ. ಪ್ರೀತಿಯಿಂದ ಓದಿದವನ ಕೈಯಲ್ಲಿ ‘ಇದೆ’, ‘ಇಲ್ಲ’ ಎಂಬ ಹಾಳೆ ಇರುವುದಿಲ್ಲ. ಪುಸ್ತಕ ನನ್ನದು, ಅದರ ಒಡೆತನ ನನ್ನ ಕೈಯಲ್ಲಿದೆ, ಅಪ್ಪಣೆಯಿಲ್ಲದೆ ಮುಟ್ಟಿದವರನ್ನು ಹಿಡಿದು ನಿಲ್ಲಿಸುತ್ತೇನೆ ಎಂಬ ಹಟದಿಂದ ಓದಿದ್ದೆ. ‘ವ್ಯತ್ಯಾಸಗಳು ಕಣ್ಣಿಗೆ ಬೀಳಲಿ’ ಎಂದು ನೀವು ಬರೆದ ಮಾತಿನಲ್ಲಿ ನನಗೆ ಆ ಹಟದ ಸದ್ದು ಕೇಳಿಸಿತು. ನಾನು ತಪ್ಪು ತಿಳಿದಿದ್ದರೆ ಕ್ಷಮಿಸಿ.

ಸಿನಿಮಾ ಶುರುವಾದ ಸ್ವಲ್ಪ ಹೊತ್ತಿಗೇ ನನಗೆ ಕಿರಿಕಿರಿ ಹಿಡಿಯಿತು. ಇಂದಿರ್ ಠಾಕ್ರುಣ್ ಎಂಬ ಹಣ್ಣು ಹಣ್ಣು ಮುದುಕಿ ಕಾದಂಬರಿಯಲ್ಲಿ ಅಪು ಇನ್ನೂ ಕೂಸಾಗಿರುವಾಗಲೇ ತೀರಿಕೊಳ್ಳುತ್ತಾಳೆ. ಸಿನಿಮಾದಲ್ಲಿ ಹುಡುಗ ಓಡಾಡುವಷ್ಟು ದೊಡ್ಡವನಾದ ಮೇಲೂ ಆಕೆ ಬದುಕಿದ್ದಾಳೆ. ನೋಟ್‌ಬುಕ್ಕಿನಲ್ಲಿ ಬರೆದೆ. ಆಮೇಲೆ ಕಾಶ ಹುಲ್ಲಿನ ಬಯಲಿನ ದೃಶ್ಯ ಬಂದಿತು. ನೀವು ಇದನ್ನು ನೋಡಿಲ್ಲವಾದರೆ ಇಷ್ಟು ಹೇಳುತ್ತೇನೆ: ಆಳೆತ್ತರದ ಹುಲ್ಲು, ತುದಿಯಲ್ಲಿ ಬಿಳಿ ಹೂವು, ಅದರ ನಡುವೆ ಅಕ್ಕ ತಮ್ಮ, ದೂರದಿಂದ ಬರುವ ರೈಲು, ಅದರ ಕಪ್ಪು ಹೊಗೆ. ಕಾದಂಬರಿಯಲ್ಲಿ ಇದಿಲ್ಲ. ಅಲ್ಲಿ ಮಕ್ಕಳಿಬ್ಬರೂ ರೈಲು ಹಳಿ ಹುಡುಕಿಕೊಂಡು ಹೊರಟು ದಾರಿ ತಪ್ಪಿ ಹಾಗೆಯೇ ಮರಳುತ್ತಾರೆ. ಮುಂದೆ ಕಾಯಿಲೆ ಬಿದ್ದ ದುರ್ಗಾ ತಮ್ಮನನ್ನು, ವಾಸಿಯಾದ ಮೇಲೆ ನನಗೊಂದು ದಿನ ರೈಲು ತೋರಿಸುತ್ತೀಯಾ ಎಂದು ಕೇಳುತ್ತಾಳೆ. ಅವಳು ರೈಲು ನೋಡುವುದೇ ಇಲ್ಲ. ಹಿಂದಿನ ರಾತ್ರಿ ಆ ಸಾಲಿನ ಪಕ್ಕದಲ್ಲಿ ನಾನು ಎರಡು ಗೆರೆ ಎಳೆದಿದ್ದೆ.

ಪರದೆಯ ಮೇಲೆ ಹೊಗೆ ಕಾಣಿಸಿದ್ದೇ ತಡ, ನಾನು ಅಕ್ಕನ ಕಿವಿಯ ಬಳಿ ಬಾಗಿ, “ಇದು ಪುಸ್ತಕದಲ್ಲಿಲ್ಲ ಅಕ್ಕಾ, ಅಲ್ಲಿ ಅವಳು ರೈಲು ನೋಡದೆಯೇ ಸಾಯುತ್ತಾಳೆ” ಎಂದೆ.

ಅಕ್ಕ ಮೆಲ್ಲನೆ ನನ್ನ ಕಡೆ ತಿರುಗಿದಳು. ಪರದೆಯ ಬೆಳಕಿನಲ್ಲಿ ಅವಳ ಅರ್ಧ ಮುಖ ಮಾತ್ರ ಕಾಣುತ್ತಿತ್ತು. “ಸಾಯುತ್ತಾಳಾ?” ಎಂದು ಕೇಳಿದಳು. ನಾನು ಉತ್ತರ ಕೊಡಲಿಲ್ಲ. ನೋಟ್‌ಬುಕ್ಕಿನ ಮೇಲೆ ತಲೆ ತಗ್ಗಿಸಿ ‘ರೈಲು’ ಎಂದು ಬರೆದುಕೊಂಡೆ.

ಮುಂದೆ ಮೊದಲ ಮಳೆಯ ದೃಶ್ಯ ಬರುತ್ತದೆ. ದುರ್ಗಾ ಮಳೆಗೆ ಮುಖವೊಡ್ಡಿ, ಕೂದಲು ಬಿಚ್ಚಿಕೊಂಡು ಗಿರಗಿರನೆ ಸುತ್ತುತ್ತಾಳೆ. ತಮ್ಮ ಮರದಡಿಯಲ್ಲಿ ಮುದುಡಿ ನಿಂತು ಚಳಿಗೆ ನಡುಗುತ್ತಾನೆ. ಇಡೀ ಸಿನಿಮಾದಲ್ಲಿ ಇದಕ್ಕಿಂತ ದೊಡ್ಡ ಸಂತೋಷವಿಲ್ಲ. ಸಭಾಂಗಣದಲ್ಲಿ ಯಾರೋ ಮೆತ್ತಗೆ ನಕ್ಕರು. ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಳ್ಳುತ್ತಿದ್ದಳು. ಬಿಚ್ಚುವುದು, ಮತ್ತೆ ಸುತ್ತುವುದು. ಮನೆಗೆ ಹಿಂದಿರುಗುವಾಗ ಬಹಳ ದೂರ ಮಾತಿಲ್ಲದೆ ನಡೆದು ಕೊನೆಗೆ ಅವಳು ಹೇಳಿದ್ದು ಇಷ್ಟು: “ಆ ಹುಡುಗಿ ಮಳೆಯಲ್ಲಿ ಕುಣಿಯುತ್ತಿದ್ದಳು. ನಾನು ಅವಳು ಯಾವಾಗ ಸಾಯುತ್ತಾಳೆ ಎಂದು ಕಾಯುತ್ತಿದ್ದೆ. ನನ್ನನ್ನು ಯಾಕೆ ಹಾಗೆ ಕೂರಿಸಿದೆ ನೀನು?”

ನಾನು ಆಗಲೂ ಕ್ಷಮೆ ಕೇಳಲಿಲ್ಲ. ಇದನ್ನು ಬರೆಯುವುದು ಕಷ್ಟವಾಗುತ್ತಿದೆ. ಸಿನಿಮಾದವರು ರೈಲನ್ನು ತೋರಿಸಿ ದುರ್ಗಾಳ ದುಃಖವನ್ನೇ ಅರ್ಧ ಮಾಡಿಬಿಟ್ಟರು, ನೀನು ಓದಿದ್ದರೆ ನಿನಗೆ ತಿಳಿಯುತ್ತಿತ್ತು ಎಂದು ವಾದಿಸಿದೆ. ಅವಳ ಮನಸ್ಸಿಗೆ ತಟ್ಟಿದ್ದು ಅಸಲಿಯಲ್ಲ, ಅಸಲಿ ನನ್ನ ಬಳಿ ಇದೆ ಎಂಬುದು ಆ ಮಾತಿನ ಅರ್ಥವಾಗಿತ್ತು. ಅಕ್ಕನಿಗೆ ಅದು ಚೆನ್ನಾಗಿಯೇ ಅರ್ಥವಾಯಿತು. ಆಮೇಲೆ ಅವಳು ನನ್ನೊಂದಿಗೆ ಸಿನಿಮಾಕ್ಕೆ ಬರಲಿಲ್ಲ. ಜಗಳವೇನೂ ಆಗಲಿಲ್ಲ, ಕರೆದಾಗಲೆಲ್ಲ ಏನೋ ಒಂದು ಕೆಲಸವಿರುತ್ತಿತ್ತು. ಹೀಗೆ ಹನ್ನೊಂದು ವರ್ಷ ಕಳೆಯಿತು.

ಈ ಸಿನಿಮಾದ ಮೂಲ ನೆಗೆಟಿವ್‌ಗಳು 1993ರಲ್ಲಿ ಲಂಡನ್ನಿನ ಪ್ರಯೋಗಾಲಯವೊಂದರಲ್ಲಿ ಬಿದ್ದ ಬೆಂಕಿಯಲ್ಲಿ ಸುಟ್ಟಿದ್ದವು. ಉಳಿದದ್ದನ್ನು ಹಾಗೂ ಬೇರೆ ಕಡೆಗಳಲ್ಲಿದ್ದ ಪ್ರತಿಗಳನ್ನು ಬಳಸಿ ಸಿದ್ಧಪಡಿಸಿದ ಹೊಸ ಪ್ರತಿ 2015ರಲ್ಲಿ ಹೊರಬಂದಿತು. ನಾನು ಎರಡನೆಯ ಸಲ ನೋಡಿದ್ದು ಅದನ್ನು. ಅಷ್ಟು ಹೊತ್ತಿಗೆ ಕಾದಂಬರಿ ಮುಟ್ಟಿ ಹತ್ತು ವರ್ಷದ ಮೇಲಾಗಿತ್ತು. ಕಾಶ ಹುಲ್ಲಿನ ದೃಶ್ಯ ಬಂದಾಗ ಒಂದನ್ನು ಕಂಡು ನಾನು ಕುಳಿತಲ್ಲೇ ತಣ್ಣಗಾದೆ. ದುರ್ಗಾ ಓಡುತ್ತ ಓಡುತ್ತ ಎಡವಿ ಬೀಳುತ್ತಾಳೆ. ಹಳಿಯ ಬಳಿಗೆ ತಲುಪುವವನು ಅಪು ಒಬ್ಬನೇ. ಕ್ಯಾಮೆರಾ ಹಳಿಯ ಆಚೆ ಬದಿಗೆ ಹೋಗಿ ನಿಲ್ಲುತ್ತದೆ, ರೈಲು ನಮಗೂ ಅವನಿಗೂ ನಡುವೆ ಹಾದುಹೋಗುತ್ತದೆ, ಗಾಲಿಗಳ ಸಂದಿಯಲ್ಲಿ ಆ ಹುಡುಗ ತುಂಡು ತುಂಡಾಗಿ ಕಾಣುತ್ತಾನೆ. ಅಕ್ಕ ಹಿಂದೆ ಉಳಿದಿದ್ದಾಳೆ. ಹನ್ನೊಂದು ವರ್ಷ ನಾನು ‘ಸಿನಿಮಾದಲ್ಲಿ ದುರ್ಗಾ ರೈಲು ನೋಡಿಬಿಡುತ್ತಾಳೆ’ ಎಂದು ಎಲ್ಲರೆದುರು ಹೇಳಿಕೊಂಡು ತಿರುಗಿದ್ದೆ. ಹಳೆಯ ಪ್ರತಿಯ ತುಂಬ ಗೀರುಗಳಿದ್ದವು, ಕಾಣಿಸದೆ ಹೋಗಿರಬಹುದು ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಗೀರಿನ ತಪ್ಪಲ್ಲ. ಅವಳು ಬೀಳುವ ಹೊತ್ತಿನಲ್ಲಿ ನಾನು ತಲೆ ತಗ್ಗಿಸಿ ಬರೆಯುತ್ತಿದ್ದೆ.

ಆ ರಾತ್ರಿಯೇ ಹಳೆಯ ನೋಟ್‌ಬುಕ್ ಹುಡುಕಿ ತೆಗೆದೆ. ಕತ್ತಲೆಯಲ್ಲಿ ಬರೆದದ್ದಾದ್ದರಿಂದ ಸಾಲಿನ ಮೇಲೆ ಸಾಲು ಬಿದ್ದು ಹೆಚ್ಚಿನದನ್ನು ಓದಲಾಗಲಿಲ್ಲ. ಓದಲು ಬಂದ ಒಂದು ಸಾಲು ಹೀಗಿತ್ತು: ‘ಹರಿಹರ ಮರಳಿದಾಗ ಸರ್ವಜಯಾಳ ಮಾತು ಇಲ್ಲ.’ ತಂದೆ ಊರಿಗೆ ಮರಳಿ, ಮಗಳು ತೀರಿಕೊಂಡದ್ದು ತಿಳಿಯದೆ ಅವಳಿಗೆಂದು ತಂದ ಸೀರೆಯನ್ನು ತಾಯಿಯ ಕೈಗಿಡುವ ದೃಶ್ಯ ಅದು. ಕಾದಂಬರಿಯಲ್ಲಿ ತಾಯಿ ಮಾತಾಡಿ ಅಳುತ್ತಾಳೆ. ಸಿನಿಮಾದಲ್ಲಿ ಅವಳ ಬಾಯಿ ತೆರೆಯುತ್ತದೆ, ಆದರೆ ಅವಳ ಧ್ವನಿಯ ಜಾಗದಲ್ಲಿ ತಾರ್ ಶಹನಾಯಿ ಎಂಬ ತಂತಿವಾದ್ಯದ ಎತ್ತರದ ಸ್ವರ ಕೇಳಿಸುತ್ತದೆ. ಮನುಷ್ಯರ ಗಂಟಲು ತಲುಪಲಾರದ ಕಡೆಗೆ ಆ ಅಳು ಹೋಗುತ್ತದೆ. ನನ್ನ ಹಾಳೆಯಲ್ಲಿ ಅದು ‘ಇಲ್ಲ’ ಎಂಬ ಕಡೆ ಸೇರಿತ್ತು.

ಮೂಲಕ್ಕೆ ನಿಷ್ಠೆ ಎಂದು ನಾವು ಸುಲಭವಾಗಿ ಹೇಳುವ ಮಾತಿನ ಬಗ್ಗೆ ನನಗೆ ಅಂದಿನಿಂದ ನಂಬಿಕೆ ಉಳಿದಿಲ್ಲ. ಸಿನಿಮಾ ಮಾಡಿದವರಿಗೆ ಪುಸ್ತಕ ಗೊತ್ತಿಲ್ಲ, ನಮಗೆ ಗೊತ್ತಿದೆ ಎಂಬ ಊಹೆ ಅದರೊಳಗಿದೆ. ರಾಯ್ ಅವರು ಸಿನಿಮಾಕ್ಕೆ ಕೈಹಾಕುವ ವರ್ಷಗಳ ಮುಂಚೆಯೇ ಈ ಕಾದಂಬರಿಯ ಮಕ್ಕಳ ಸಂಕ್ಷಿಪ್ತ ಆವೃತ್ತಿಗೆ ಚಿತ್ರ ಬರೆದುಕೊಟ್ಟಿದ್ದರು. ರೈಲಿನ ದೃಶ್ಯದ ಚಿತ್ರೀಕರಣ ಶುರುವಾದದ್ದು 1952ರ ಅಕ್ಟೋಬರಿನಲ್ಲಿ. ಒಂದು ದಿನ ಕೆಲಸ ಮಾಡಿ ಮುಂದಿನ ವಾರ ಹೋದಾಗ ದನಗಳು ಹೂವನ್ನೆಲ್ಲ ಮೇಯ್ದುಬಿಟ್ಟಿದ್ದವು, ಉಳಿದರ್ಧಕ್ಕಾಗಿ ಮತ್ತೆ ಹೂವು ಬರುವ ಕಾಲದವರೆಗೆ ಕಾಯಬೇಕಾಯಿತು. ಒಂದು ಬಯಲಿನ ಹೂವಿಗಾಗಿ ವರ್ಷ ಕಾದ ಮನುಷ್ಯ ಕಾದಂಬರಿಯ ಅತಿ ಮುಖ್ಯ ಸಾಲನ್ನು ಅಜಾಗರೂಕತೆಯಿಂದ ಮರೆತಿರುತ್ತಾನೆಯೇ? ಮುದುಕಿಯನ್ನು ಅಷ್ಟು ಕಾಲ ಬದುಕಿಸಿದ್ದೂ ಹಾಗೆಯೇ. ರೈಲು ನೋಡಿ ಮರಳುವ ದಾರಿಯಲ್ಲಿ ಮಕ್ಕಳು ಬಿದಿರು ಮೆಳೆಯ ಬಳಿ ಕುಳಿತಂತೆಯೇ ಸತ್ತಿರುವ ಅವಳನ್ನು ಕಾಣುತ್ತಾರೆ. ಅಪು ಕೂಸಾಗಿರುವಾಗಲೇ ಅವಳು ಸತ್ತಿದ್ದರೆ ಆ ಎರಡು ಕಾಣ್ಕೆಗಳು ಹೀಗೆ ಒಂದರ ಬೆನ್ನಿಗೆ ಒಂದು ಬರುತ್ತಿರಲಿಲ್ಲ.

ಇನ್ನು ನೀವು ಕೇಳಿದ ಪ್ರಶ್ನೆ, ಮೊದಲು ಓದುವುದೋ ನೋಡುವುದೋ ಎಂಬುದು. ನನ್ನ ಅಭಿಪ್ರಾಯದಲ್ಲಿ ಅದು ಪ್ರಶ್ನೆಯೇ ಅಲ್ಲ. ಎರಡರಲ್ಲಿ ಯಾವುದು ಮೊದಲು ಎಂಬುದಕ್ಕಿಂತ ಎರಡರ ನಡುವೆ ಎಷ್ಟು ಕಾಲ ಕಳೆದಿದೆ ಎಂಬುದೇ ಮುಖ್ಯ. ‘ಚೋಮನ ದುಡಿ’ಯನ್ನು ನಾನು ಮೊದಲು ನೋಡಿದೆ, ಬಿ.ವಿ. ಕಾರಂತರ 1975ರ ಸಿನಿಮಾ. ಶಿವರಾಮ ಕಾರಂತರ 1933ರ ಕಾದಂಬರಿಯನ್ನು ಓದಿದ್ದು ಎರಡು ವರ್ಷ ಬಿಟ್ಟು. ಮೊದಲು ನೋಡಿದರೆ ನಟನ ಮುಖವೇ ಪಾತ್ರದ ಮುಖವಾಗಿ ಅಂಟಿಕೊಳ್ಳುತ್ತದೆ ಎನ್ನುವುದು ನಿಜ. ಚೋಮ ಎಂದರೆ ನನಗೆ ಇಂದಿಗೂ ವಾಸುದೇವರಾಯರೇ. ಆದರೆ ಪುಟಗಳು ಮುಂದೆ ಸಾಗಿದಂತೆ ಕಾದಂಬರಿ ಆ ಮುಖವನ್ನು ಇಟ್ಟುಕೊಂಡೇ ತನ್ನದೇ ದಾರಿ ಹಿಡಿಯಿತು. ಮೊದಲು ನೋಡಿದ್ದರಿಂದ ನನಗೆ ಸಿಕ್ಕ ಲಾಭ ಬೇರೆ: ‘ದುಡಿ’ ಎಂಬ ಎರಡಕ್ಷರ ಬಂದಲ್ಲೆಲ್ಲ ನಿಜವಾದ ಸದ್ದು ಕೇಳಿಸುತ್ತಿತ್ತು. ಬರಿಯ ಓದಿನಿಂದ ನನಗೆ ಅದು ದಕ್ಕುತ್ತಿರಲಿಲ್ಲ.

‘ನಾಯಿ ನೆರಳು’ ಇನ್ನೊಂದು ಬಗೆಯದು. ಭೈರಪ್ಪನವರ ಕಾದಂಬರಿಯನ್ನು ನಾನು ಬಹಳ ಹಿಂದೆ ಓದಿದ್ದೆ. ಗಿರೀಶ ಕಾಸರವಳ್ಳಿಯವರ 2006ರ ಸಿನಿಮಾವನ್ನು ಮತ್ತೆ ಓದದೆಯೇ ನೋಡಿದೆ. ಸತ್ತ ಮಗ ಬೇರೆಡೆ ಮರುಹುಟ್ಟು ಪಡೆದು ಬಂದಿದ್ದಾನೆ ಎಂಬ ಕಥೆ ಅದು. ಕಾದಂಬರಿಯಲ್ಲಿ ಪುನರ್ಜನ್ಮದ ವಿಚಾರಕ್ಕೇ ಹೆಚ್ಚಿನ ತೂಕ. ಸಿನಿಮಾ ಅದನ್ನು ಸಂದೇಹದಲ್ಲೇ ಬಿಟ್ಟು, ಗಂಡನೆಂದು ಬಂದವನನ್ನು ಎದುರಿಸಬೇಕಾದ ಸೊಸೆಯ ಪಕ್ಕದಲ್ಲಿ ಹೋಗಿ ನಿಲ್ಲುತ್ತದೆ. ಹಿಂದಿನ ರಾತ್ರಿ ಓದಿ ಹೋಗಿದ್ದರೆ ನಾನು ಖಂಡಿತ ಇದನ್ನು ಅಪರಾಧವೆಂದು ಬರೆದುಕೊಳ್ಳುತ್ತಿದ್ದೆ. ಓದಿರಲಿಲ್ಲವಾದ್ದರಿಂದ ಸುಮ್ಮನೆ ನೋಡಿದೆ, ಆರು ತಿಂಗಳ ನಂತರ ಕಾದಂಬರಿಯನ್ನು ತೆರೆದಾಗ ಆ ಸೊಸೆ ಅಲ್ಲಿಯೂ ಇದ್ದಳು. ಮೊದಲ ಓದಿನಲ್ಲಿ ನಾನೇ ಅವಳನ್ನು ದಾಟಿಕೊಂಡು ಹೋಗಿದ್ದೆ.

ಎಲ್ಲ ಬದಲಾವಣೆಗಳೂ ಒಳ್ಳೆಯವೆಂದು ಹೇಳುತ್ತಿಲ್ಲ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ 1972ರಲ್ಲಿ ಪುಟ್ಟಣ್ಣ ಕಣಗಾಲರು ‘ನಾಗರಹಾವು’ ಮಾಡಿದಾಗ ಅದು ಲೇಖಕರಿಗೆ ಹಿಡಿಸಲಿಲ್ಲ ಎಂಬುದು ಪ್ರಸಿದ್ಧ ಸಂಗತಿ. ಬರೆದವರಿಗೆ ಆ ನೋವಿನ ಹಕ್ಕಿದೆ. ಓದಿದವರಾದ ನಮಗೆ ಅದೇ ಹಕ್ಕಿದೆ ಎಂದು ನನಗನಿಸುವುದಿಲ್ಲ, ಮತ್ತು ಪಕ್ಕದಲ್ಲಿ ಕುಳಿತು ಮೊದಲ ಸಲ ನೋಡುತ್ತಿರುವವರ ಕಿವಿಯಲ್ಲಿ ಆ ನೋವನ್ನು ಸುರಿಯುವ ಹಕ್ಕಂತೂ ಖಂಡಿತ ಇಲ್ಲ.

ಆದ್ದರಿಂದ ನಿಮ್ಮ ತಂಗಿ ಓದದೆಯೇ ಬರಲಿ. ನೀವೂ ಪುಸ್ತಕವನ್ನು ಈ ವಾರ ಕಪಾಟಿನಿಂದ ತೆಗೆಯಬೇಡಿ. ಸಿನಿಮಾ ಮುಗಿದ ಮೇಲೆ ಮೊದಲು ಅವಳು ಮಾತಾಡಲಿ, ಪೂರ್ತಿಯಾಗಿ ಮಾತಾಡಿ ಮುಗಿಸಲಿ. ‘ಆದರೆ ಪುಸ್ತಕದಲ್ಲಿ’ ಎಂಬ ಮಾತು ನಾಲಿಗೆಯ ತುದಿಗೆ ಬಂದರೆ ಅದನ್ನು ಅವಳು ಕೇಳುವವರೆಗೆ ತಡೆದುಕೊಳ್ಳಿ. ಅವಳು ಕೇಳದೆಯೂ ಇರಬಹುದು. ಆಗ ಬಿಟ್ಟುಬಿಡಿ.

ಎರಡನೆಯ ಸಲ ನೋಡಿ ಬಂದ ಮರುದಿನ ನಾನು ಅಕ್ಕನಿಗೆ ಫೋನ್ ಮಾಡಿ, ದುರ್ಗಾ ಎಡವಿ ಬೀಳುತ್ತಾಳೆ ಎಂದು ಹೇಳಿದೆ. “ಹೌದಲ್ಲ, ಮೊಣಕಾಲಿಗೆ ಪೆಟ್ಟಾಯಿತೇನೋ ಅನ್ನಿಸಿತ್ತು ನನಗೆ” ಎಂದಳು. ಹನ್ನೊಂದು ವರ್ಷದ ಹಿಂದೆ ಒಂದೇ ಸಲ ನೋಡಿದ್ದು, ಅದೂ ನನ್ನ ಪಿಸುಮಾತಿನ ನಡುವೆ, ಅವಳಿಗೆ ಅಷ್ಟು ಸ್ಪಷ್ಟವಾಗಿ ನೆನಪಿತ್ತು. ಅಂದು ಕ್ಷಮೆ ಕೇಳಿದೆ. ಮುಂದಿನ ತಿಂಗಳು ನಾವಿಬ್ಬರೂ ಒಂದು ಸಿನಿಮಾಕ್ಕೆ ಹೋದೆವು, ಅದು ಯಾವ ಕಾದಂಬರಿಯಿಂದಲೂ ಬಂದದ್ದಲ್ಲ. ‘ಪಥೇರ್ ಪಾಂಚಾಲಿ’ಯನ್ನು ಮಾತ್ರ ಅವಳು ಇನ್ನೂ ಓದಿಲ್ಲ. ಹಿಂದೊಮ್ಮೆ ನನ್ನ ಪ್ರತಿಯನ್ನೇ ಕೊಟ್ಟಿದ್ದೆ. ನಾಲ್ಕು ಪುಟ ತಿರುವಿ, ಎಲ್ಲಿ ಅಳಬೇಕೆಂದು ನೀನೇ ಗೆರೆ ಎಳೆದಿಟ್ಟಿದ್ದೀಯಲ್ಲ ಎಂದು ಮರಳಿಸಿದಳು. ನಿಮ್ಮ ತಂಗಿ ಸಿನಿಮಾ ನೋಡಿದ ಮೇಲೆ ಪುಸ್ತಕ ಕೇಳಿದರೆ ಹೊಸ ಪ್ರತಿಯೊಂದನ್ನು ತಂದುಕೊಡಿ. ಅಂಚುಗಳು ಖಾಲಿ ಇರಲಿ.